ಟೀಚರ್ ಕೊಂಡ ಡೈವಿಂಗ್ ಸಾಮಾನು: ಒಂದು ಪ್ರಕರಣ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸುಮಾರು 19 ಕಿಲೋಮೀಟರ್ ದೂರ. ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಡೈವಿಂಗ್ ದೋಣಿಗಳು ಹೊರಡುತ್ತವೆ. ಜೂನ್ ಹತ್ತಿರ ಬಂದಂತೆ ಮತ್ತೆ ನಿಲ್ಲುತ್ತವೆ. ಆ ದೋಣಿಗಳಲ್ಲಿ ಸ್ಕೂಬಾ ಡೈವಿಂಗ್, ಅಂದರೆ ಬೆನ್ನಿಗೆ ಗಾಳಿಯ ಟ್ಯಾಂಕ್ ಕಟ್ಟಿಕೊಂಡು ನೀರಿನಡಿ ಈಜುವುದನ್ನು ಕಲಿಸುವುದು, ಕಲಿತವರನ್ನು ನೀರಿನಡಿ ಕರೆದುಕೊಂಡು ಹೋಗುವುದು ನನ್ನ ಕೆಲಸ.

ಬರುವವರಲ್ಲಿ ಹೆಚ್ಚಿನವರು ನಮ್ಮ ಸಾಮಾನನ್ನೇ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ಒಂದೆರಡು ಸೀಸನ್ ಆದ ಮೇಲೆ ಕೆಲವರಿಗೆ "ಇನ್ನು ಸ್ವಂತದ್ದು ಇರಲಿ" ಅನ್ನಿಸುತ್ತದೆ. ಹಾಗೆ ಅನ್ನಿಸಿದ ಒಬ್ಬರು ಲಕ್ಷಕ್ಕೂ ಜಾಸ್ತಿ ಖರ್ಚು ಮಾಡಿ ಸಾಮಾನು ತರಿಸಿಕೊಂಡರು. ಮೊದಲ ದಿನವೇ ನೀರಿನಡಿ ಕಷ್ಟಕ್ಕೆ ಸಿಕ್ಕಿದರು. ಆಮೇಲೆ ಒಂದೊಂದೇ ಸರಿ ಮಾಡಿಕೊಂಡರು. ಅವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಊರು, ಕುಟುಂಬದ ವಿವರ ಕೊಟ್ಟಿಲ್ಲ. ದೋಣಿಯಲ್ಲಿ ಎಲ್ಲರೂ ಅವರನ್ನು ಟೀಚರ್ ಅಂತಲೇ ಕರೆಯುವುದರಿಂದ ಇಲ್ಲಿಯೂ ಹಾಗೇ ಕರೆಯುತ್ತೇನೆ.

ಹಿನ್ನೆಲೆ

ಟೀಚರ್ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ವಯಸ್ಸು ನಲವತ್ತು ದಾಟಿದೆ. ಎತ್ತರ ಐದು ಅಡಿ, ತೂಕ 50 ಕೆಜಿ. ಬಲಗಣ್ಣಿಗೆ ಮೈನಸ್ 4.5, ಎಡಗಣ್ಣಿಗೆ ಮೈನಸ್ 4 ಕನ್ನಡಕ. ಈ ಅಂಕಿಗಳು ಮುಂದೆ ಬೇಕಾಗುತ್ತವೆ, ಅದಕ್ಕೇ ಈಗಲೇ ಹೇಳುತ್ತಿದ್ದೇನೆ.

ಅವರು ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ ಓಪನ್ ವಾಟರ್ ಕೋರ್ಸ್ ಮುಗಿಸಿದ್ದರು. ಅಂದರೆ ಜೊತೆಗಾರರೊಬ್ಬರ ಸಂಗಡ 18 ಮೀಟರ್ ಆಳದವರೆಗೆ ಹೋಗಬಹುದು. ಆಮೇಲೆ ನಮ್ಮಲ್ಲಿ ಕೆಲವು ಡೈವ್ ಮಾಡಿದ್ದರು. ಒಟ್ಟು 11 ಡೈವ್, ಎಲ್ಲವೂ ಬಾಡಿಗೆ ಸಾಮಾನಿನಲ್ಲಿ, ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು.

ಸ್ವಂತದ್ದು ಬೇಕು ಅನ್ನಲು ಅವರಿಗೆ ಸರಿಯಾದ ಕಾರಣವೇ ಇತ್ತು. ಪ್ರತಿ ಸಲ ಬೇರೆ ಮಾಸ್ಕ್, ಬೇರೆ ಜಾಕೆಟ್, ಬೇರೆಯವರು ಕಚ್ಚಿದ ಮೌತ್‌ಪೀಸ್. "ಪ್ರತಿ ಸಲ ಹೊಸ ಕ್ಲಾಸಿಗೆ ಹೋದ ಹಾಗೆ ಆಗುತ್ತೆ ಸರ್, ಕೈಗೆ ಯಾವುದೂ ಪಳಗೋದೇ ಇಲ್ಲ" ಅಂದಿದ್ದರು. ನನಗೂ ಹೌದು ಅನ್ನಿಸಿತು. ಗಾಬರಿಯಾದಾಗ ನೋಡದೆಯೇ ಕೈ ಸರಿಯಾದ ಜಾಗಕ್ಕೆ ಹೋಗಬೇಕು. ಅದು ಒಂದೇ ಸಾಮಾನನ್ನು ಬಳಸಿ ಬಳಸಿ ಬರುವಂಥದ್ದು.

ಅವರ ಚಿಕ್ಕಪ್ಪನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಮಾಂಟೆರೆ ಕೊಲ್ಲಿಯಲ್ಲಿ ವರ್ಷಗಳಿಂದ ಡೈವ್ ಮಾಡುವವರು, ಅನುಭವ ಇದ್ದವರು. ಅಲ್ಲಿ ಒಂದು ಸೇಲ್ ಬಂತು. "ಬಿಡಿ ಬಿಡಿಯಾಗಿ ತಗೋಬೇಡ, ಸೆಟ್ ತಗೊಂಡ್ರೆ ಕಡಿಮೆಗೆ ಬೀಳುತ್ತೆ. ನಾನೇ ಆರಿಸ್ತೀನಿ, ಬರುವಾಗ ತರ್ತೀನಿ" ಅಂದರು. ಟೀಚರ್ ಎತ್ತರ, ತೂಕ ಕಳಿಸಿದರು. ನವೆಂಬರಿನಲ್ಲಿ ದೊಡ್ಡ ಚೀಲವೇ ಬಂತು: ಟ್ಯಾಂಕಿನ ಗಾಳಿಯನ್ನು ಉಸಿರಾಡಲು ಬರುವಂತೆ ಬಾಯಿಗೆ ತಲುಪಿಸುವ ರೆಗ್ಯುಲೇಟರ್ (ಉಳಿದ ಗಾಳಿ ತೋರಿಸುವ ಗೇಜ್, ಹೆಚ್ಚುವರಿ ಮೌತ್‌ಪೀಸ್ ಆದ ಆಕ್ಟೋಪಸ್ ಸಮೇತ), ಗಾಳಿ ತುಂಬಿ ಬಿಟ್ಟು ತೇಲುವುದನ್ನು ಹಿಡಿತದಲ್ಲಿಡುವ ಜಾಕೆಟ್ ಮಾದರಿಯ ಬಿಸಿಡಿ, 7 ಮಿಲಿಮೀಟರ್ ದಪ್ಪದ ವೆಟ್‌ಸೂಟ್, ಮಾಸ್ಕ್, ಬೂಟಿನ ಜೊತೆ ಹಾಕುವ ಫಿನ್ಸ್ (ಕಾಲಿಗೆ ಹಾಕುವ ಈಜುರೆಕ್ಕೆ). ಒಟ್ಟು ಖರ್ಚು 1,12,000 ರೂಪಾಯಿ. ಆಳ, ಸಮಯದ ಲೆಕ್ಕ ಇಡುವ ಡೈವ್ ಕಂಪ್ಯೂಟರ್ ಮಾತ್ರ ಇರಲಿಲ್ಲ. "ಅದು ಗೈಡ್ ಹತ್ರ ಇದ್ದೇ ಇರುತ್ತೆ" ಅಂತ ಅಣ್ಣ ಹೇಳಿದ್ದರಂತೆ.

ಅವರು ಕೊಟ್ಟ ಸಲಹೆಯಲ್ಲಿ ಮೋಸ ಇರಲಿಲ್ಲ, ಅಸಡ್ಡೆಯೂ ಇರಲಿಲ್ಲ. ಮಾಂಟೆರೆಯ ನೀರು 10ರಿಂದ 15 ಡಿಗ್ರಿ. ಅಲ್ಲಿ 7 ಮಿಲಿಮೀಟರ್ ಸೂಟ್ ಇಲ್ಲದೆ ಇಳಿಯಲು ಆಗುವುದೇ ಇಲ್ಲ. ದಡದಿಂದ ಕಲ್ಲಿನ ಮೇಲೆ ನಡೆದು ನೀರಿಗೆ ಇಳಿಯುವುದರಿಂದ ಬೂಟು ಬೇಕೇ ಬೇಕು. ಅವರು ತಮ್ಮ ಸಮುದ್ರಕ್ಕೆ ಸರಿಯಾದದ್ದನ್ನೇ ಆರಿಸಿದ್ದರು. ತಂಗಿ ಈ ಸಾಮಾನಿನಲ್ಲಿ ಮೊದಲು ಇಳಿದ ದಿನ ನಮ್ಮ ಸಮುದ್ರದ ನೀರು 28 ಡಿಗ್ರಿ ಇತ್ತು.

ಡಿಸೆಂಬರಿನ ಆ ಬೆಳಿಗ್ಗೆ

ಟೀಚರ್ ನೇರ ಜೆಟ್ಟಿಗೇ ಬಂದರು. ಚೀಲ ಬಿಚ್ಚಿದ್ದು ದೋಣಿಯಲ್ಲಿ. ಇಲ್ಲಿ ನನ್ನ ತಪ್ಪಿದೆ. ಹೊಸ ಸಾಮಾನು ಅಂತ ಗೊತ್ತಿದ್ದೂ ಹಿಂದಿನ ಸಂಜೆ ಅಂಗಡಿಗೆ ಕರೆಸಿ ಒಂದು ಟ್ಯಾಂಕಿಗೆ ಜೋಡಿಸಿ ನೋಡಬೇಕಿತ್ತು. ನೋಡಲಿಲ್ಲ. ದೋಣಿ ಹೊರಟು, ಗೋಪುರ ಚಿಕ್ಕದಾಗುತ್ತಾ ಹೋಗಿ, ನೇತ್ರಾಣಿ ತಲುಪಿ ಲಂಗರು ಹಾಕುವಾಗ ಮೊದಲ ತೊಂದರೆ ಕಂಡಿತು.

ಅವರ ರೆಗ್ಯುಲೇಟರ್ ಟ್ಯಾಂಕಿಗೆ ಕೂರಲಿಲ್ಲ.

ರೆಗ್ಯುಲೇಟರನ್ನು ಟ್ಯಾಂಕಿಗೆ ಜೋಡಿಸುವ ರೀತಿ ಎರಡು. ಒಂದು ಯೋಕ್: ವಾಲ್ವಿನ ಮೇಲೆ ಕೂತು ಹಿಂದಿನಿಂದ ತಿರುಪಿನಲ್ಲಿ ಬಿಗಿಯುವ ಕ್ಲ್ಯಾಂಪ್. ಇನ್ನೊಂದು ಡಿನ್: ವಾಲ್ವಿನೊಳಗೇ ತಿರುಪಿನಂತೆ ತಿರುಗಿ ಕೂರುವಂಥದ್ದು. ಡಿನ್ ಹೆಚ್ಚು ಭದ್ರ ಅನ್ನುವುದು ನಿಜ, ಯಾಕೆಂದರೆ ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ (ಓ-ರಿಂಗ್) ಒಳಗೆ ಸಿಕ್ಕಿಕೊಂಡು ಕೂರುತ್ತದೆ, ಜಾರುವ ಸಾಧ್ಯತೆ ಕಡಿಮೆ. ಆದರೆ ನಮ್ಮ ದೋಣಿಯ ಅಲ್ಯೂಮಿನಿಯಂ ಟ್ಯಾಂಕುಗಳೆಲ್ಲ ಯೋಕ್ ವಾಲ್ವಿನವು. ಕೆಲವು ವಾಲ್ವುಗಳಲ್ಲಿ ನಡುವಿನ ಉಂಗುರದಂಥ ಭಾಗ ಬಿಚ್ಚಿದರೆ ಡಿನ್ ಕೂರುತ್ತದೆ. ನಮ್ಮವು ಅಂಥವಲ್ಲ. ಡಿನ್ ಅನ್ನು ಯೋಕ್ ವಾಲ್ವಿಗೆ ಜೋಡಿಸುವ ಅಡಾಪ್ಟರ್ ದೋಣಿಯಲ್ಲಿ ಇರಲಿಲ್ಲ. ನಮ್ಮ ಬಾಡಿಗೆಯ ರೆಗ್ಯುಲೇಟರನ್ನೇ ಹಾಕಿಕೊಟ್ಟೆವು.

ಆಮೇಲೆ ಸೂಟ್. ಬಿಸಿಲಲ್ಲಿ ಆ ದಪ್ಪ ರಬ್ಬರ್ ಹಾಕಿಕೊಳ್ಳಲು ಕಾಲು ಗಂಟೆ ಹಿಡಿಯಿತು. ಹಾಕಿಕೊಳ್ಳುವಷ್ಟರಲ್ಲೇ ಮುಖ ಕೆಂಪಗಾಗಿತ್ತು. ದೋಣಿ ನಡೆಸುವ ಅಣ್ಣ ಎರಡು ಮಗ್ ನೀರು ಸೂಟಿನೊಳಗೆ ಸುರಿದರು. ಇಂಥ ಸೂಟಿನ ನಿಯೋಪ್ರೀನ್ ರಬ್ಬರಿನ ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುತ್ತವೆ, ಅದಕ್ಕೇ ಅದು ತೇಲುತ್ತದೆ. 3 ಮಿಲಿಮೀಟರ್ ಸೂಟಿನಲ್ಲಿ ಅವರಿಗೆ 5 ಕೆಜಿ ಸೀಸ ಸಾಕಾಗುತ್ತಿತ್ತು. ಅವತ್ತು ಮುಳುಗಲು 9 ಕೆಜಿ ಬೇಕಾಯಿತು. 50 ಕೆಜಿ ತೂಕದವರ ಸೊಂಟಕ್ಕೆ 9 ಕೆಜಿ ಸೀಸ.

ನೀರಿನೊಳಗೆ 10 ಮೀಟರ್ ಇಳಿದರೆ ಒತ್ತಡ ಎರಡು ಪಟ್ಟಾಗುತ್ತದೆ. ಸೂಟಿನ ಗುಳ್ಳೆಗಳು ಅಲ್ಲಿಗೆ ಕುಗ್ಗುತ್ತವೆ, ಸೂಟ್ ತೇಲಿಸುವುದು ಕಡಿಮೆಯಾಗುತ್ತದೆ, ಸೀಸ ಮಾತ್ರ ಅಷ್ಟೇ ಇರುತ್ತದೆ. ಆಗ ಬಿಸಿಡಿಗೆ ಗಾಳಿ ತುಂಬಬೇಕು. ಸ್ವಲ್ಪ ಮೇಲೆ ಬಂದರೆ ಆ ಗಾಳಿಯೂ ಹಿಗ್ಗುತ್ತದೆ, ಸೂಟೂ ಹಿಗ್ಗುತ್ತದೆ, ಮತ್ತೆ ಬಿಡಬೇಕು. ಟೀಚರ್ ಅವತ್ತು ಮಾಡಿದ್ದು ಅದನ್ನೇ: ತುಂಬುವುದು, ಬಿಡುವುದು, ಏರುವುದು, ಇಳಿಯುವುದು. ಬಿಸಿಡಿ ಮೀಡಿಯಂ ಸೈಜಿನದು. ಪಟ್ಟಿಗಳನ್ನೆಲ್ಲ ಕೊನೆಯವರೆಗೆ ಎಳೆದರೂ ಭುಜದ ಮೇಲೆ ಒಂದು ಕೈ ಹೋಗುವಷ್ಟು ಜಾಗ. ಗಾಳಿ ತುಂಬಿದರೆ ಜಾಕೆಟ್ ಕಿವಿಯವರೆಗೆ ಏರುತ್ತಿತ್ತು. ಟ್ಯಾಂಕ್ ಬೆನ್ನ ಮೇಲೆ ಎಡಕ್ಕೂ ಬಲಕ್ಕೂ ಹೊರಳುತ್ತಿತ್ತು.

ಇಷ್ಟಾದರೂ ತಡೆದುಕೊಳ್ಳಬಹುದಿತ್ತು. ನಿಜವಾಗಿ ಹೆದರಿಸಿದ್ದು ಮಾಸ್ಕ್. ಮೇಲ್ಮೈಯಲ್ಲೇ ಅದು ಸೋರುತ್ತಿತ್ತು. "ಪಟ್ಟಿ ಬಿಗಿ ಮಾಡ್ಲಾ ಸರ್?" ಅಂತ ಕೇಳಿದರು, ನಾನು ಬಿಗಿ ಮಾಡಿಕೊಟ್ಟೆ. ಪಟ್ಟಿ ಬಿಗಿ ಮಾಡಿದರೆ ಮಾಸ್ಕಿನ ಅಂಚು ಮಡಚಿ ಸೋರಿಕೆ ಜಾಸ್ತಿಯಾಗುತ್ತದೆ. ಇದು ನನಗೆ ಗೊತ್ತಿರುವ ವಿಷಯ, ಕಲಿಯಲು ಬಂದವರಿಗೆ ನಾನೇ ಹೇಳುವ ವಿಷಯ. ಅಲ್ಲಿಗೇ ನಿಲ್ಲಿಸಿ ದೋಣಿಯ ಮಾಸ್ಕ್ ಕೊಡಬೇಕಿತ್ತು. ಆ ಒಂದು ನಿಮಿಷವನ್ನು ಈಗಲೂ ನೆನೆಯುತ್ತೇನೆ.

14 ಮೀಟರಿನಲ್ಲಿ ನೀರು ಕಣ್ಣಿನ ಮಟ್ಟಕ್ಕೆ ಬಂತು. ಅವರು ಕಲಿತ ಹಾಗೆಯೇ ಮೂಗಿನಿಂದ ಊದಿ ನೀರು ಹೊರಹಾಕಿದರು. ಆ ಗಡಿಬಿಡಿಯಲ್ಲಿ ಬಲಗಣ್ಣಿನ ಕಾಂಟ್ಯಾಕ್ಟ್ ಲೆನ್ಸ್ ಕೊಚ್ಚಿಕೊಂಡು ಹೋಯಿತು. ನನಗೆ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿಗೆ ಗಾಳಿ ಎಷ್ಟಿದೆ ಅಂತ ಸನ್ನೆಯಲ್ಲಿ ಕೇಳಿದೆ. ಗೇಜನ್ನು ಮುಖದ ಹತ್ತಿರ ಹಿಡಿದು ನೋಡಿ, ಮುಂಗೈ ಮೇಲೆ ಮೊದಲು ಒಂದು ಬೆರಳು, ಆಮೇಲೆ ಎರಡು ಬೆರಳು ಇಟ್ಟರು. ನೂರಾ ಇಪ್ಪತ್ತು. ಅಷ್ಟೊಂದು ಗುಳ್ಳೆ ಬಿಡುತ್ತಿದ್ದವರ ಬಳಿ ಇನ್ನೂ 120 ಬಾರ್ (ಟ್ಯಾಂಕಿನ ಗಾಳಿಯ ಒತ್ತಡದ ಅಳತೆ, ತುಂಬಿದಾಗ 200) ಇದೆ ಅನ್ನುವುದು ನನಗೆ ಹೊಂದಲಿಲ್ಲ. ಹತ್ತಿರ ಹೋಗಿ ಗೇಜ್ ತಿರುಗಿಸಿ ನೋಡಿದೆ. ಮುಳ್ಳು 80ರ ಮೇಲಿತ್ತು.

ಮೇಲೆ ಹೋಗೋಣ ಅಂತ ಹೆಬ್ಬೆರಳು ಮೇಲೆತ್ತಿ ತೋರಿಸಿದೆ. ಅವರ ಬಿಸಿಡಿ ಪಟ್ಟಿ ಹಿಡಿದುಕೊಂಡೇ ನಿಧಾನಕ್ಕೆ ಮೇಲೆ ಬಂದೆವು. ಸುರಕ್ಷತೆಗಾಗಿ 5 ಮೀಟರಿನಲ್ಲಿ 3 ನಿಮಿಷ ನಿಂತೆವು. ದೋಣಿ ಹತ್ತಿದಾಗ 50 ಬಾರ್ ಉಳಿದಿತ್ತು, ಒಟ್ಟು ಡೈವ್ 31 ನಿಮಿಷ. ಯಾರಿಗೂ ಏನೂ ಆಗಲಿಲ್ಲ. ಮಾಸ್ಕ್ ತೆಗೆದು ಅವರು ಹೇಳಿದ ಮೊದಲ ಮಾತು: "ಮುಳ್ಳು ಕಾಣ್ತಿತ್ತು ಸರ್, ಅಂಕಿ ಕಾಣ್ತಿರ್ಲಿಲ್ಲ. ಅಂದಾಜಿಗೆ ಹೇಳ್ಬಿಟ್ಟೆ."

ಮೂರು ಕಾಲಮ್

ಎರಡನೇ ಡೈವಿಗೆ ಅವರು ಇಳಿಯಲಿಲ್ಲ. ಸಂಜೆ ಬಸ್‌ಸ್ಟ್ಯಾಂಡ್ ಹತ್ತಿರ ಚಾ ಕುಡಿಯುವಾಗ ಎಲ್ಲವನ್ನೂ ಮಾರಿಬಿಡುತ್ತೇನೆ ಅಂದರು. ನಾನು ತಡೆಯಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದೆ: "ಇದರಲ್ಲಿ ಯಾವುದು ಕೆಟ್ಟ ಸಾಮಾನು ಹೇಳಿ." ಅವರು ಯೋಚಿಸಿದರು. ಯಾವುದೂ ಕೆಟ್ಟದ್ದಲ್ಲ. ರೆಗ್ಯುಲೇಟರ್ ಅಂತೂ ನಮ್ಮ ಬಾಡಿಗೆಯದ್ದಕ್ಕಿಂತ ಮೇಲು.

ಅವರು ಚೀಲದಿಂದ ಒಂದು ನೋಟ್‌ಬುಕ್ ತೆಗೆದರು. ಎಡಗಡೆ ಸಾಮಾನಿನ ಹೆಸರು ಬರೆದು, ಸ್ಕೇಲ್ ಇಲ್ಲದೆಯೇ ನೇರವಾಗಿ ಮೂರು ಗೆರೆ ಎಳೆದರು. ಮೇಲೆ ಬರೆದದ್ದು: ನನ್ನ ಮೈಗೆ, ಇಲ್ಲಿನ ನೀರಿಗೆ, ರಿಪೇರಿಗೆ. ಪ್ರತಿ ಸಾಮಾನಿನ ಮುಂದೆ ಮೂರರಲ್ಲೂ ಟಿಕ್ ಬಿದ್ದರೆ ಇಟ್ಟುಕೊಳ್ಳುವುದು. ಇಲ್ಲದಿದ್ದರೆ ಬದಲಿಸುವುದು ಅಥವಾ ಮಾರುವುದು. ಬೆಲೆಗೆ ಅವರು ಕಾಲಮ್ ಹಾಕಲೇ ಇಲ್ಲ. "ಬೆಲೆ ಆಮೇಲೆ ನೋಡೋಣ, ಮೊದಲು ಬೆಲೆ ನೋಡಿಯೇ ಹೀಗಾಯ್ತು" ಅಂದರು. ಇಡೀ ಪ್ರಕರಣ ತಿರುಗಿದ್ದು ಆ ಪುಟದಲ್ಲಿ. ಅಲ್ಲಿಯವರೆಗೆ ಅವರ ತಲೆಯಲ್ಲಿದ್ದದ್ದು ಒಂದು ಸೆಟ್. ಆಮೇಲೆ ಅದು ಬೇರೆ ಬೇರೆ ಸಾಮಾನುಗಳಾಯಿತು.

ಮಾಸ್ಕ್: ಆರನ್ನು ನೋಡಿ ಒಂದನ್ನು ಕೊಂಡದ್ದು

ಮೊದಲು ಮಾಸ್ಕ್. ಈ ಕ್ರಮ ನಾನು ಹೇಳಿದ್ದು. ಬೇರೆ ಎಲ್ಲವನ್ನೂ ಬಾಡಿಗೆಗೆ ಪಡೆದು ಸುಧಾರಿಸಬಹುದು, ಆದರೆ ಮುಖ ಒಬ್ಬೊಬ್ಬರದು ಒಂದೊಂದು ಥರ. ಕನ್ನಡಕ ಇದ್ದವರಿಗಂತೂ ಬಾಡಿಗೆ ಮಾಸ್ಕ್ ಅರ್ಧ ಕುರುಡು.

ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಟೀಚರ್ ಒಂದು ಡೈವಿಂಗ್ ಅಂಗಡಿಯಲ್ಲಿ ಒಂದೂವರೆ ಗಂಟೆ ಕೂತರು. ಫೋನಿನಲ್ಲಿ ನಾನಿದ್ದೆ. ಪರೀಕ್ಷೆ ಹೀಗೆ: ಪಟ್ಟಿಯನ್ನು ಮುಂದಕ್ಕೆ ಮಡಚಿ, ಹಣೆಯ ಕೂದಲು ಪೂರ್ತಿ ಹಿಂದಕ್ಕೆ ಸರಿಸಿ, ಮಾಸ್ಕನ್ನು ಮುಖಕ್ಕೆ ಸುಮ್ಮನೆ ತಾಗಿಸಿ ಮೂಗಿನಿಂದ ಮೆಲ್ಲಗೆ ಉಸಿರು ಎಳೆಯಬೇಕು. ಕೈ ಬಿಟ್ಟರೂ ಮಾಸ್ಕ್ ಅಂಟಿಕೊಂಡಿರಬೇಕು, ತಲೆ ಬಗ್ಗಿಸಿದರೂ ಬೀಳಬಾರದು. ಜೋರಾಗಿ ಎಳೆದರೆ ಯಾವ ಮಾಸ್ಕಾದರೂ ಅಂಟಿಕೊಳ್ಳುತ್ತದೆ, ಅದು ಪರೀಕ್ಷೆಯಲ್ಲ. ಇನ್ನೊಂದು ಮುಖ್ಯ: ಬಾಯಲ್ಲಿ ಮೌತ್‌ಪೀಸ್ ಕಚ್ಚಿಕೊಂಡೇ ನೋಡಬೇಕು. ಕಚ್ಚಿದಾಗ ಕೆನ್ನೆ, ಮೇಲ್ದುಟಿಯ ಆಕಾರ ಬದಲಾಗುತ್ತದೆ. ಅಂಗಡಿಯಲ್ಲಿ ಚೆನ್ನಾಗಿ ಕೂತ ಮಾಸ್ಕ್ ನೀರಲ್ಲಿ ಸೋರುವುದು ಹೆಚ್ಚಾಗಿ ಈ ಕಾರಣಕ್ಕೆ.

ಮೊದಲ ಎರಡು ಮಾಸ್ಕ್ ಕೆನ್ನೆಯ ಹತ್ತಿರ ಗಾಳಿ ಬಿಟ್ಟವು. ಮೂರನೆಯದು ಅಂಟಿಕೊಂಡಿತು, ಆದರೆ ಮೂಗಿನ ಗೂಡು ಸಣ್ಣದು. ಟೀಚರ್ ಮೂಗುತಿ ಹಾಕುತ್ತಾರೆ. ಕಿವಿಯ ಒತ್ತಡ ಸರಿ ಮಾಡಲು ಮೂಗು ಹಿಡಿದು ಊದಬೇಕಲ್ಲ, ಆಗ ಮೂಗುತಿ ಒಳಕ್ಕೆ ಚುಚ್ಚುತ್ತಿತ್ತು. ಒಂದು ಡೈವಿನಲ್ಲಿ ಅದನ್ನು ಎಷ್ಟೋ ಸಲ ಮಾಡಬೇಕು. ಪ್ರತಿ ಸಲ ನೋವಾದರೆ ಕಿವಿ ಸರಿ ಮಾಡುವುದನ್ನೇ ಮುಂದೂಡುತ್ತೇವೆ, ಕಿವಿಗೆ ಪೆಟ್ಟಾಗುತ್ತದೆ. ಅಂಗಡಿಯವರು ಮೂಗುತಿ ತೆಗೆಯಲು ಹೇಳಿದರು. ಟೀಚರ್ ಮಾಸ್ಕ್ ಬದಲಿಸಿದರು. ಅವರು ಮಾಡಿದ್ದೇ ಸರಿ ಅಂತ ನನ್ನ ಅಭಿಪ್ರಾಯ. ಐದನೆಯದರಲ್ಲಿ ಎಲ್ಲವೂ ಸರಿ ಹೊಂದಿತು. ಆರನೆಯದನ್ನೂ ನೋಡಿ, ಐದಕ್ಕೇ ಮರಳಿದರು. ಆ ಮಾದರಿಗೆ ನಂಬರ್ ಇರುವ ಗಾಜು ಸಿಗುತ್ತದೆಯೇ ಅಂತ ಕೇಳಿಯೇ ದುಡ್ಡು ಕೊಟ್ಟರು. ಮಾಸ್ಕಿಗೆ 6,500, ಎರಡು ಗಾಜಿಗೆ 7,000.

ಇಂಥ ಸಿದ್ಧ ಗಾಜುಗಳು ಅರ್ಧರ್ಧ ನಂಬರಿನ ಲೆಕ್ಕದಲ್ಲಿ ಬರುತ್ತವೆ, ಸಿಲಿಂಡರ್ ನಂಬರ್ (ಕಣ್ಣಿನ ಮೇಲ್ಮೈಯ ಓರೆಕೋರೆಗೆ ಕೊಡುವ ನಂಬರ್) ಇರುವುದಿಲ್ಲ. ಅವರ ಒಂದು ಕಣ್ಣಿಗೆ ಸ್ವಲ್ಪ ಸಿಲಿಂಡರ್ ಇತ್ತು. ತಮ್ಮ ಕಣ್ಣಿನ ಡಾಕ್ಟರನ್ನು ಕೇಳಿದರು, ಇಷ್ಟು ಸಣ್ಣ ನಂಬರಿಗೆ ನಡೆಯುತ್ತದೆ ಅಂದರು. ನೀರಿನಡಿ ಮಾಸ್ಕಿನ ಮೂಲಕ ವಸ್ತುಗಳು ಸುಮಾರು ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುವುದರಿಂದ ಅದೂ ಸ್ವಲ್ಪ ನೆರವಾಗುತ್ತದೆ.

ಹೊಸ ಮಾಸ್ಕಿನ ಗಾಜಿನ ಒಳಬದಿಯಲ್ಲಿ ಕಣ್ಣಿಗೆ ಕಾಣದ ತೆಳು ಸಿಲಿಕೋನ್ ಪದರ ಇರುತ್ತದೆ. ಅದು ಹೋಗದಿದ್ದರೆ ಏನು ಮಾಡಿದರೂ ಮಂಜು ಕಟ್ಟುತ್ತದೆ. ಜೆಲ್ ಅಲ್ಲದ ಸಾದಾ ಬಿಳಿ ಟೂತ್‌ಪೇಸ್ಟ್ ಹಚ್ಚಿ, ಬೆರಳಲ್ಲಿ ಉಜ್ಜಿ ತೊಳೆಯಬೇಕು. ಟೀಚರ್ ನಾಲ್ಕು ಸಲ ಮಾಡಿದರು. ಕೊನೆಗೆ ಉಸಿರು ಊದಿದರೆ ಮಂಜು ಕೂತು ಕೂಡಲೇ ಸರಿಯತೊಡಗಿತು. ಆಗ ಅಲ್ಲಿಗೆ ಬಿಟ್ಟರು.

ರೆಗ್ಯುಲೇಟರ್: ಯಾರು ರಿಪೇರಿ ಮಾಡುತ್ತಾರೆ?

ಟ್ಯಾಂಕಿನಲ್ಲಿ ಗಾಳಿ 200 ಬಾರ್ ಒತ್ತಡದಲ್ಲಿ ಇರುತ್ತದೆ. ಬೈಕಿನ ಟೈರಿನಲ್ಲಿ ಇರುವುದು ಎರಡು ಎರಡೂವರೆ ಬಾರ್ ಅಷ್ಟೇ. ರೆಗ್ಯುಲೇಟರಿನ ಮೊದಲ ಹಂತ ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಹತ್ತು ಬಾರ್‌ನಷ್ಟು ಹೆಚ್ಚಿನ ಮಟ್ಟಕ್ಕೆ ಇಳಿಸುತ್ತದೆ, ಬಾಯಲ್ಲಿರುವ ಎರಡನೇ ಹಂತ ಉಸಿರಾಡುವ ಮಟ್ಟಕ್ಕೆ ತರುತ್ತದೆ. ಈ ಕೆಲಸವನ್ನೆಲ್ಲ ಮಾಡುವುದು ಸ್ಪ್ರಿಂಗು, ಸೀಟು, ಕೆಲವು ಓ-ರಿಂಗುಗಳು. ಅವು ಸವೆಯುತ್ತವೆ. ಕಂಪನಿಗಳು ವರ್ಷಕ್ಕೊಮ್ಮೆ ಅಥವಾ ನೂರು ಡೈವಿಗೊಮ್ಮೆ ಸರ್ವೀಸ್ ಅನ್ನುತ್ತವೆ, ಕೆಲವು ಎರಡು ವರ್ಷಕ್ಕೊಮ್ಮೆ. ಅದನ್ನು ಆ ಬ್ರ್ಯಾಂಡಿನ ಕೆಲಸ ಕಲಿತವರೇ, ಆ ಬ್ರ್ಯಾಂಡಿನ ಬಿಡಿಭಾಗದಲ್ಲೇ ಮಾಡಬೇಕು.

ಆದ್ದರಿಂದ ಮೂರನೇ ಕಾಲಮ್ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಟೀಚರ್ ಮೂರು ಕಡೆ ವಿಚಾರಿಸಿದರು. ಮೊದಲನೆಯವರು "ಎಲ್ಲಾ ಬ್ರ್ಯಾಂಡೂ ಮಾಡ್ತೀವಿ, ಕಳಿಸಿ" ಅಂದರು. ಎರಡನೆಯವರು ಮಾಡುವುದಿಲ್ಲ ಅಂದರು. ಮೂರನೆಯವರು ಮಾಡೆಲ್ ಕೇಳಿದರು, ಸೀರಿಯಲ್ ನಂಬರಿನ ಫೋಟೋ ಕೇಳಿದರು. ಒಂದು ದಿನ ಬಿಟ್ಟು ಫೋನ್ ಮಾಡಿ, "ಕಿಟ್ ಹೊರಗಿನಿಂದ ತರಿಸಬೇಕು ಮೇಡಂ, ಆರು ವಾರ ಬೇಕು. ಹೇಗೂ ಮಳೆಗಾಲದಲ್ಲಿ ನಿಮಗೆ ಡೈವ್ ಇರಲ್ಲ, ಜೂನ್‌ನಲ್ಲಿ ಕಳಿಸಿಬಿಡಿ" ಅಂದರು. ವಾರಂಟಿ ಕೊಂಡ ದೇಶದಲ್ಲಿ ಮಾತ್ರ ನಡೆಯುತ್ತದೆ ಅನ್ನುವುದನ್ನೂ ಅವರೇ ತಿಳಿಸಿದರು. ಟೀಚರ್ ಆರು ವಾರದ ಉತ್ತರವನ್ನೇ ನಂಬಿದರು. ಮಾಡೆಲ್ ಯಾವುದು ಅಂತಲೂ ಕೇಳದೆ ಒಪ್ಪಿಕೊಂಡವರ ಕೈಗೆ ಉಸಿರಾಡುವ ಯಂತ್ರ ಕೊಡಲು ಅವರಿಗೆ ಮನಸ್ಸಾಗಲಿಲ್ಲ.

ಹೀಗೆ ರೆಗ್ಯುಲೇಟರ್ ಉಳಿಯಿತು. ಅದರ ಮೊದಲ ಹಂತ ತಣ್ಣೀರಿಗಾಗಿ ಸೀಲ್ ಮಾಡಿದ್ದು. ನಮ್ಮಲ್ಲಿ ಹಿಮಗಟ್ಟುವ ಭಯ ಇಲ್ಲದಿದ್ದರೂ ಸ್ಪ್ರಿಂಗಿನ ಕಡೆಗೆ ಉಪ್ಪು, ಮರಳು ಹೋಗದಂತೆ ಆ ಸೀಲ್ ತಡೆಯುತ್ತದೆ, ದಂಡವಲ್ಲ. 4,000 ಕೊಟ್ಟು ಯೋಕ್ ಅಡಾಪ್ಟರ್ ತಂದರು. ಅಡಾಪ್ಟರ್ ಹಾಕಿದರೆ ಮೊದಲ ಹಂತ ತಲೆಯ ಕಡೆಗೆ ಸ್ವಲ್ಪ ಮುಂದೆ ಬರುತ್ತದೆ, ಕತ್ತು ಹಿಂದಕ್ಕೆ ವಾಲಿಸಿದರೆ ತಾಗುತ್ತದೆ. ಟ್ಯಾಂಕನ್ನು ಒಂದು ಬೆರಳಷ್ಟು ಕೆಳಗೆ ಕಟ್ಟಿ ಅದನ್ನು ಸರಿ ಮಾಡಿಕೊಂಡರು.

ಇನ್ನೊಂದನ್ನೂ ಬದಲಿಸಿದರು. ಅಮೆರಿಕದಿಂದ ಬಂದ ಗೇಜ್ ಪಿಎಸ್‌ಐ (ಅಲ್ಲಿ ಬಳಸುವ ಒತ್ತಡದ ಅಳತೆ) ಲೆಕ್ಕದ್ದು, ತುಂಬಿದ ಟ್ಯಾಂಕ್ ಅಂದರೆ ಅದರಲ್ಲಿ 3000. ನಮ್ಮ ದೋಣಿಯಲ್ಲಿ ಮಾತು, ಸನ್ನೆ ಎಲ್ಲ ಬಾರ್ ಲೆಕ್ಕದಲ್ಲಿ. "ಗುಣಾಕಾರ ಭಾಗಾಕಾರ ನನಗೆ ಕಷ್ಟ ಅಲ್ಲ, ಆದ್ರೆ ಅಲ್ಲಿ ಮಾಡೋದು ಬೇಡ" ಅಂತ ದೊಡ್ಡ ಅಂಕಿಯ ಬಾರ್ ಗೇಜ್ ಹಾಕಿಸಿದರು.

ಉಳಿದವು

ಸೂಟಿನ ವಿಷಯ ಬೇಗ ಮುಗಿಯಿತು. ದಪ್ಪದ್ದು ಅಣ್ಣನ ಜೊತೆ ವಾಪಸ್ ಹೋಗಿ ಅಲ್ಲೇ ಮಾರಾಟವಾಯಿತು. 3 ಮಿಲಿಮೀಟರ್ ಸೂಟ್ 9,000ಕ್ಕೆ ಸಿಕ್ಕಿತು. ಕಂಕುಳ, ಸೊಂಟದ ಹಿಂಭಾಗದಲ್ಲಿ ಪೊಳ್ಳು ಇರಬಾರದು, ಕುತ್ತಿಗೆ ಒತ್ತಬಾರದು, ಕುಕ್ಕರುಗಾಲಲ್ಲಿ ಕೂರಲು ಆಗಬೇಕು. ಅಂಗಡಿಯಲ್ಲೇ ಕೂತು ನೋಡಿದರು. ಫಿನ್ಸ್ ಕೂಡ ಬದಲಾಯಿತು. ದೋಣಿಯಿಂದಲೇ ನೀರಿಗೆ ಇಳಿಯುವವರಿಗೆ ಬೂಟು ಬೇಡ, ಪಾದ ಪೂರ್ತಿ ಒಳಹೋಗುವ ಹಗುರದ್ದು ಸಾಕು.

ಹೊಸದಾಗಿ ಸೇರಿದ್ದು ಡೈವ್ ಕಂಪ್ಯೂಟರ್. ಅಣ್ಣ ಬೇಡ ಅಂದ ಒಂದೇ ಸಾಮಾನು, ನಾನು ಬೇಕೇ ಬೇಕು ಅಂದದ್ದು. ಆಳದಲ್ಲಿ ಉಸಿರಾಡುವಾಗ ಮೈಯೊಳಗೆ ನೈಟ್ರೋಜನ್ ಸೇರುತ್ತಾ ಹೋಗುತ್ತದೆ. ಎಷ್ಟು ಆಳ, ಎಷ್ಟು ಹೊತ್ತು ಅನ್ನುವುದರ ಮೇಲೆ ಅದರ ಲೆಕ್ಕ. ಗೈಡ್ 12 ಮೀಟರಿನಲ್ಲಿ ಇದ್ದಾಗ ನೀವು ಒಂದು ಬಂಡೆಯ ಕೆಳಗೆ ಮೀನು ನೋಡಲು 15ಕ್ಕೆ ಇಳಿದಿರುತ್ತೀರಿ, ಹಿಂದಿನ ದಿನ ನೀವು ಡೈವ್ ಮಾಡಿದ್ದೀರಿ, ಅವನು ಮಾಡಿಲ್ಲ. ಅವನ ಕಂಪ್ಯೂಟರ್ ಅವನ ಮೈಯ ಲೆಕ್ಕ ಇಡುತ್ತದೆ. ಟ್ಯಾಂಕಿನ ಒತ್ತಡವನ್ನೂ ಕೈಗಡಿಯಾರದಲ್ಲೇ ತೋರಿಸುವ ದುಬಾರಿ ಮಾದರಿ ಅವರಿಗೆ ತುಂಬಾ ಹಿಡಿಸಿತ್ತು. ಕೊನೆಗೆ 26,000ದ ಸಾದಾ ಮಾದರಿಗೆ ಬಂದರು. ಅಂಕಿಗಳು ದಪ್ಪ. ಗುಂಡು ಬ್ಯಾಟರಿಯನ್ನು ಮನೆಯಲ್ಲೇ ಬದಲಿಸಬಹುದು. ಅದಕ್ಕೆ ಮೂರೂ ಕಾಲಮಿನಲ್ಲಿ ಟಿಕ್ ಬಿತ್ತು.

ಏನಾಯಿತು

ಮಾರ್ಚಿನಲ್ಲಿ ಅದೇ ಜಾಗಕ್ಕೆ ಮತ್ತೆ ಹೋದೆವು. ಈ ಸಲ ಹಿಂದಿನ ಸಂಜೆ ಎಲ್ಲವನ್ನೂ ಅಂಗಡಿಯ ಟ್ಯಾಂಕಿಗೆ ಜೋಡಿಸಿ, ಗಾಳಿ ಬಿಟ್ಟು, ಬಕೆಟ್ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ಅಂತ ನೋಡಿದೆವು. ಹೊಸ ಸಾಮಾನು ತಂದವರಿಗೆ ಈಗ ನಾವು ಇದನ್ನು ಮಾಡದೆ ದೋಣಿ ಹತ್ತಲು ಬಿಡುವುದಿಲ್ಲ. ನೇತ್ರಾಣಿಯಲ್ಲಿ ನೀರಿಗೆ ಇಳಿದ ಮೇಲೆ ಮೊದಲು ತೂಕ ನೋಡಿದೆವು. ಬಿಸಿಡಿ ಖಾಲಿ ಮಾಡಿ, ಸಾಮಾನ್ಯ ಉಸಿರು ಹಿಡಿದಾಗ ನೀರು ಕಣ್ಣಿನ ಮಟ್ಟದಲ್ಲಿ ನಿಲ್ಲಬೇಕು. 3 ಕೆಜಿಯಲ್ಲಿ ನಿಂತಿತು. ತುಂಬಿದ ಟ್ಯಾಂಕಿನ ಗಾಳಿಯೇ ಎರಡೂವರೆ ಕೆಜಿ ಆಸುಪಾಸು ತೂಗುತ್ತದೆ, ಡೈವಿನ ಕೊನೆಗೆ ಅದು ಹೋಗಿರುತ್ತದೆ. ಹಾಗಾಗಿ 2 ಕೆಜಿ ಸೇರಿಸಿ 5 ಮಾಡಿದೆವು.

ಕೆಳಗೆ ಅವರು ಬೇರೆಯೇ ವ್ಯಕ್ತಿ. ಕೈ ಬೀಸುವುದು ನಿಂತಿತ್ತು. ಒಂದು ಗಿಳಿಮೀನು ಬಂಡೆಯನ್ನು ಕಟಕಟ ಕಡಿಯುವುದನ್ನು ಅಲುಗಾಡದೆ ತುಂಬಾ ಹೊತ್ತು ನೋಡಿದರು. ಗಾಳಿ ಕೇಳಿದಾಗ ಕೂಡಲೇ ಮುಂಗೈ ಮೇಲೆ ಬೆರಳಿಟ್ಟು 90 ಅಂದರು. ನಾನು ಹೋಗಿ ನೋಡಿದೆ, 90 ಇತ್ತು. ಅವತ್ತಿನ ಡೈವ್ 46 ನಿಮಿಷ. ಡಿಸೆಂಬರಿನಲ್ಲಿ ಅಷ್ಟೇ ದೊಡ್ಡ ಟ್ಯಾಂಕಿನಲ್ಲಿ, ಅದೇ ಜಾಗದಲ್ಲಿ 31 ಆಗಿತ್ತು. ಹೊಸ ವಿದ್ಯೆ ಏನೂ ಕಲಿತಿರಲಿಲ್ಲ. ಸೀಸ ಕಡಿಮೆಯಾಗಿತ್ತು, ಕಣ್ಣು ಕಾಣುತ್ತಿತ್ತು.

ಇದೇ ಥರ ಕೊಳ್ಳಲು ಹೊರಟವರು ನನ್ನನ್ನು ಕೇಳಿದರೆ ಈಗ ಬ್ರ್ಯಾಂಡಿನ ಹೆಸರು ಹೇಳುವುದಿಲ್ಲ. ಎಲ್ಲಿ ಡೈವ್ ಮಾಡುತ್ತೀರಿ, ಅಲ್ಲಿನ ಟ್ಯಾಂಕಿನ ವಾಲ್ವ್ ಯಾವುದು, ಯಾರು ಸರ್ವೀಸ್ ಮಾಡುತ್ತಾರೆ ಅಂತ ವಾಪಸ್ ಕೇಳುತ್ತೇನೆ. ಮಾಸ್ಕ್ ಮತ್ತು ಕಂಪ್ಯೂಟರ್ ಮೊದಲು ತಗೊಳ್ಳಿ, ಸೂಟ್ ಆಮೇಲೆ, ರೆಗ್ಯುಲೇಟರ್ ಅದಕ್ಕೂ ಆಮೇಲೆ ಅನ್ನುತ್ತೇನೆ. ವರ್ಷಕ್ಕೆ ನಾಲ್ಕೈದು ಡೈವ್ ಮಾತ್ರ ಮಾಡುವವರಿಗೆ ರೆಗ್ಯುಲೇಟರ್ ಬಾಡಿಗೆಯದ್ದೇ ಸಾಕು, ಸರ್ವೀಸಿನ ಖರ್ಚಾದರೂ ಉಳಿಯುತ್ತದೆ.

ಬಿಸಿಡಿಯ ಕಥೆ ಇನ್ನೂ ಮುಗಿದಿಲ್ಲ. ಮೀಡಿಯಂ ಸೈಜಿನದನ್ನು ನಮ್ಮಲ್ಲೇ ಕಲಿತ ಒಬ್ಬ ಎತ್ತರದ ಹುಡುಗ 18,000ಕ್ಕೆ ಕೊಂಡ. ಅದಾದ ಮೇಲೆ ಟೀಚರ್ ಪ್ರತಿ ಟ್ರಿಪ್ಪಿನಲ್ಲೂ ಬೇರೆ ಬೇರೆ ಬಿಸಿಡಿ ಬಾಡಿಗೆಗೆ ತೆಗೆದುಕೊಂಡು ನೋಡುತ್ತಿದ್ದಾರೆ. ಸುತ್ತಲೂ ಗಾಳಿ ತುಂಬುವ ಜಾಕೆಟ್ ಪಕ್ಕೆ ಹಿಂಡುತ್ತದೆ ಅನ್ನುತ್ತಾರೆ. ಬೆನ್ನಿನ ಕಡೆ ಮಾತ್ರ ಗಾಳಿ ತುಂಬುವಂಥದ್ದು ನೀರಿನಡಿ ಹಿತ, ಮೇಲ್ಮೈಯಲ್ಲಿ ಮುಖವನ್ನು ಮುಂದಕ್ಕೆ ತಳ್ಳುತ್ತದೆ ಅನ್ನುತ್ತಾರೆ. ಕಳೆದ ವಾರ ರೆಗ್ಯುಲೇಟರನ್ನು ಸರ್ವೀಸಿಗೆ ಕೊರಿಯರ್ ಮಾಡಿ ಫೋನ್ ಮಾಡಿದ್ದರು. ನೋಟ್‌ಬುಕ್ಕಿನ ಆ ಪುಟ ಏನಾಯಿತು ಅಂತ ಕೇಳಿದೆ. ಬಿಸಿಡಿಯ ಸಾಲೊಂದು ಬಿಟ್ಟು ಎಲ್ಲ ತುಂಬಿದೆಯಂತೆ. "ಅದು ಹಾಗೇ ಇರಲಿ ಸರ್, ಅಕ್ಟೋಬರ್‌ಗೆ ನಿಮ್ಮ ಹತ್ರ ಇರೋ ಎಕ್ಸ್ಟ್ರಾ ಸ್ಮಾಲ್ ಎತ್ತಿಡಿ" ಅಂದರು.